ಪಂಚಮದ ಕಪ್ಪು

ಪಿಯಾನೊದ ಮೇಲುಸ್ಥಾಯಿಯಿಂದ ಸ್ವರಗುಚ್ಛಗಳು ಒಂದರ ಬೆನ್ನಿಗೊಂದು ಇಳಿದು ಬರುತ್ತವೆ. ತೀರ ಮೆಲ್ಲಗೆ, ಇಬ್ಬನಿ ಎಲೆಯಿಂದ ಎಲೆಗೆ ಜಾರುವ ಹಾಗೆ. ಅವುಗಳ ಜೊತೆಗೇ ಪಿಟೀಲೂ ಚೆಲ್ಲೊವೂ ಒಂದೇ ಧಾಟಿಯನ್ನು ಬೇರೆ ಬೇರೆ ಸ್ಥಾಯಿಗಳಲ್ಲಿ ಹಿಡಿದು, ದನಿ ತಗ್ಗಿಸಿ, ಮಂತ್ರ ಹೇಳುವವರಂತೆ ಸಾಗುತ್ತವೆ. ಫ್ರಾನ್ಸಿನ ಒಲಿವಿಯೆ ಮೆಸಿಯಾನ್ ಅವರ 'ಕಾಲಾಂತ್ಯಕ್ಕಾಗಿ ಚತುರ್ವಾದ್ಯ' ಎಂಬ ಕೃತಿಯ ಎರಡನೆಯ ಭಾಗದಲ್ಲಿ ಇದು ಬರುತ್ತದೆ. ಪಿಯಾನೊದ ಆ ಇಳಿತವನ್ನು ಕೃತಿಯ ಮುನ್ನುಡಿಯಲ್ಲಿ ಅವರು ನೀಲಿ-ಕಿತ್ತಳೆ ಬಣ್ಣದ ಸ್ವರಗುಚ್ಛಗಳ ಧಾರೆ ಎಂದು ಕರೆದಿದ್ದಾರೆ. ಹೋಲಿಕೆಯ ಚಂದಕ್ಕೆಂದು ಬರೆದ ಮಾತಲ್ಲ. ಅವರಿಗೆ ಅದು ಕಾಣುತ್ತಿತ್ತು.

ನನಗೆ ಕಾಣುವುದಿಲ್ಲ. ಎಷ್ಟೋ ರಾತ್ರಿ ದೀಪ ಆರಿಸಿ, ಕಣ್ಣು ಮುಚ್ಚಿ ಈ ಕೆಲವೇ ನಿಮಿಷಗಳನ್ನು ಮತ್ತೆ ಮತ್ತೆ ಕೇಳಿದ್ದೇನೆ. ನೀಲಿಯೂ ಬರಲಿಲ್ಲ, ಕಿತ್ತಳೆಯೂ ಬರಲಿಲ್ಲ. ಆದರೆ ಬೇರೇನೋ ಬಂತು. ಮೊದಮೊದಲು ಒಟ್ಟಾಗಿ ಇಂಪೆನಿಸಿ ಹಾದುಹೋಗುತ್ತಿದ್ದ ಗುಚ್ಛಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಒಂದರಲ್ಲಿ ಬಾವಿಯ ನೀರಿನ ತಂಪು, ಅದರ ಪಕ್ಕದ್ದರಲ್ಲಿ ಒಲೆಯ ಬಾಯಿಯ ಕಾವು. ಬಣ್ಣದ ಹೆಸರನ್ನು ಕಿವಿಯಲ್ಲಿಟ್ಟುಕೊಂಡು ಕೇಳಿದ್ದರಿಂದಲೇ ಕಿವಿ ಇಷ್ಟು ಸೂಕ್ಷ್ಮವಾಯಿತೆಂದು ನಾನು ನಂಬಿದ್ದೇನೆ. ಕಾಣುವವರ ಮಾತನ್ನು ಕಾಣದವರು ಕೇಳಿಸಿಕೊಳ್ಳುವುದರಲ್ಲಿ ಇಷ್ಟು ಲಾಭವಿದೆ.

ಈ ಕೃತಿಯನ್ನು ಮೆಸಿಯಾನ್ ಪೂರ್ತಿಗೊಳಿಸಿದ್ದು ಗೊರ್ಲಿಟ್ಸ್ ಊರಿನ ಸ್ಟಾಲಾಗ್ 8-ಎ ಎಂಬ ಯುದ್ಧಕೈದಿಗಳ ಶಿಬಿರದಲ್ಲಿ. 1940ರಲ್ಲಿ ಜರ್ಮನ್ ಸೈನ್ಯದ ಕೈಗೆ ಸಿಕ್ಕಿಬಿದ್ದಾಗ ಅವರಿಗೆ 31 ವರ್ಷ. ಅಲ್ಲಿದ್ದ ಕೈದಿಗಳಲ್ಲಿ ಕ್ಲಾರಿನೆಟ್ ನುಡಿಸುವವರೊಬ್ಬರು, ಪಿಟೀಲಿನವರೊಬ್ಬರು, ಚೆಲ್ಲೊದವರೊಬ್ಬರು ಇದ್ದರು. ಪಿಯಾನೊಗೆ ತಾವೇ ಕೂತರು. ಸಿಕ್ಕವರಿಗಾಗಿ ಬರೆದದ್ದರಿಂದಲೇ ಈ ವಿಚಿತ್ರ ಮೇಳ. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಕೈದಿಗಳ ಮುಂದೆ ಇದರ ಮೊದಲ ಕಛೇರಿ ನಡೆಯಿತು. ಅಲ್ಲಿ ಹಸಿವೆಯಿಂದ ತಮಗೆ ಬಣ್ಣಬಣ್ಣದ ಕನಸು ಬೀಳುತ್ತಿದ್ದವೆಂದು ಅವರು ಮುಂದೆ ಹೇಳಿಕೊಂಡರು. ಬೂದು ಆಕಾಶ, ಬೂದು ಹಿಮ, ಮಾಸಿದ ಸಮವಸ್ತ್ರಗಳ ನಡುವೆ ಕೂತ ಮನುಷ್ಯ ಏಳನೆಯ ಭಾಗಕ್ಕೆ ಇಟ್ಟ ಹೆಸರಿನಲ್ಲಿ ಕಾಮನಬಿಲ್ಲುಗಳೇ ಒಂದರೊಳಗೊಂದು ಹೆಣೆದುಕೊಂಡಿವೆ.

ಮೆಸಿಯಾನ್ ಹುಟ್ಟಿದ್ದು 1908ರಲ್ಲಿ, ಅವಿನ್ಯೋನ್ ಊರಿನಲ್ಲಿ. ತಾಯಿ ಸೆಸಿಲ್ ಸೊವಾಜ್ ಕವಿ. ತಂದೆ ಷೇಕ್ಸ್‌ಪಿಯರನನ್ನು ಫ್ರೆಂಚಿಗೆ ತಂದವರು. ಹತ್ತರ ಆಸುಪಾಸಿನಲ್ಲಿ ಹುಡುಗ ಪ್ಯಾರಿಸ್ಸಿಗೆ ಬಂದು, ಸೇಂಟ್ ಶಾಪೆಲ್ ಎಂಬ ಪ್ರಾರ್ಥನಾಮಂದಿರದ ಬಣ್ಣದ ಗಾಜಿನ ಕಿಟಕಿಗಳೆದುರು ನಿಂತ. ಗೋಡೆಯೇ ಇಲ್ಲವೇನೋ ಎಂಬಷ್ಟು ಗಾಜು. ಬೆಳಕು ಅದರ ಮೂಲಕ ಒಳಬಂದಾಗ ನೆಲ, ಕಂಬ, ಮನುಷ್ಯರ ಮುಖ ಎಲ್ಲಕ್ಕೂ ನೀಲಿ-ಕೆಂಪು ಬಳಿದಂತಾಗುತ್ತದೆ. ಆ ಬೆರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಪ್ಯಾರಿಸ್ಸಿನ ಟ್ರಿನಿಟೆ ಚರ್ಚಿನಲ್ಲಿ ಆರ್ಗನ್ ನುಡಿಸಿದರು. ಅಂದರೆ 60 ವರ್ಷಕ್ಕೂ ಹೆಚ್ಚು ಕಾಲ ಒಂದೇ ಪೀಠ.

ಅವರ ಬಣ್ಣ ಹುಟ್ಟುತ್ತಿದ್ದುದು ಸ್ವರಗಳು ಕೂಡಿದಾಗ. ತಮ್ಮ ಸಂಗೀತಕ್ಕೆಂದು ಅವರು ಏಳು ಸ್ವರಶ್ರೇಣಿಗಳನ್ನು ಗೊತ್ತುಮಾಡಿಕೊಂಡಿದ್ದರು. ಎರಡನೆಯದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಷಡ್ಜ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಅಂತರ ಗಾಂಧಾರ, ಪ್ರತಿ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಒಟ್ಟು ಎಂಟು ಸ್ವರ, ಎರಡು ಗಾಂಧಾರ. ನಮ್ಮ 72 ಮೇಳಗಳಲ್ಲಿ ಹೀಗೆ ಎರಡು ಗಾಂಧಾರಕ್ಕೆ ಜಾಗವಿಲ್ಲ. ಸಾಧಾರಣ ಗಾಂಧಾರ ಬಿಟ್ಟರೆ 52ನೆಯ ಮೇಳ ರಾಮಪ್ರಿಯ, ಅಂತರ ಗಾಂಧಾರ ಬಿಟ್ಟರೆ 46ನೆಯ ಮೇಳ ಷಡ್ವಿಧಮಾರ್ಗಿಣಿ. ಎರಡು ರಾಗಗಳ ಸ್ವರಗಳನ್ನು ತೆಳು ಬಟ್ಟೆಗಳ ಹಾಗೆ ಒಂದರ ಮೇಲೊಂದು ಹೊದಿಸಿ ಬೆಳಕಿಗೆ ಹಿಡಿದಂತೆ. ಒಮ್ಮೆ ಹಾರ್ಮೋನಿಯಂ ಮುಂದೆ ಕೂತು ಈ ಎಂಟನ್ನು ನಿಧಾನ ಒತ್ತಿ ನೋಡಿ. ಅರ್ಧ ಹೆಜ್ಜೆ, ಪೂರ್ಣ ಹೆಜ್ಜೆ, ಅರ್ಧ, ಪೂರ್ಣ ಎಂದು ಏರುತ್ತಾ ಹೋಗುತ್ತದೆ, ಎಲ್ಲಿಯೂ ಮನೆ ಸೇರಿದೆವು ಅನ್ನಿಸುವುದಿಲ್ಲ.

ಈ ಶ್ರೇಣಿಯನ್ನು ಒಂದು ಅರ್ಧಸ್ವರದಷ್ಟು ಮೇಲಕ್ಕೆ ಸರಿಸಿದರೆ ಹೊಸ ಶ್ರೇಣಿ. ಇನ್ನೊಮ್ಮೆ ಸರಿಸಿದರೆ ಮತ್ತೊಂದು. ಮೂರನೆಯ ಸಲ ಸರಿಸುವಾಗ ಹೊರಟಲ್ಲಿನ ಎಂಟು ಸ್ವರಗಳೇ ಮರಳಿ ಬರುತ್ತವೆ. ಇರುವುದು ಮೂರೇ ನೆಲೆ. ಮೊದಲ ನೆಲೆಯಲ್ಲಿ ಮೆಸಿಯಾನ್ ಕಂಡದ್ದು ನೀಲಿ-ನೇರಳೆಯ ಬಂಡೆಗಳು. ಎರಡನೆಯದರಲ್ಲಿ ಚಿನ್ನ ಮತ್ತು ಕಂದು. ಮೂರನೆಯದರಲ್ಲಿ ಎಳೆಹಸಿರು, ಹುಲ್ಲುಗಾವಲಿನ ಹಸಿರು. ಇಡೀ ಗುಚ್ಛವನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ದರೆ ಬಣ್ಣ ಅದೇ ಉಳಿದು ತಿಳಿಯಾಗುತ್ತದೆ, ಕೆಳಕ್ಕೆ ತಂದರೆ ಕಡುವಾಗುತ್ತದೆ. ಅರ್ಧಸ್ವರ ಜರುಗಿಸಿದರೆ ಮಾತ್ರ ಬಣ್ಣವೇ ಬೇರೆ. ಬಣ್ಣ ಕಣ್ಣಿನೆದುರು ಗಾಳಿಯಲ್ಲಿ ತೇಲುತ್ತಿರಲಿಲ್ಲವೆಂದೂ ಒಳಗಣ್ಣಿಗೆ ಕಾಣುತ್ತಿತ್ತೆಂದೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ. 1963ರಲ್ಲಿ ಬರೆದ 'ಸ್ವರ್ಗನಗರದ ಬಣ್ಣಗಳು' ಕೃತಿಯಲ್ಲಂತೂ ಸ್ವರಲಿಪಿಯ ಪಕ್ಕದಲ್ಲೇ ಬಣ್ಣಗಳ ಹೆಸರು ನಮೂದಾಗಿವೆ, ವಾದ್ಯವೃಂದ ನಡೆಸುವವರು ಅದನ್ನು ಓದಿಕೊಂಡು ನುಡಿಸುವವರಿಗೆ ದಾಟಿಸಲೆಂದು.

ಅರ್ಧಸ್ವರಕ್ಕೆ ನೀಲಿ ಹೋಗಿ ಚಿನ್ನ ಬರುವುದು! ಕರ್ನಾಟಕ ಸಂಗೀತ ಕೇಳಿ ಬೆಳೆದ ನನಗೆ ಇದು ಮೊದಲಿಗೆ ಒಗ್ಗಲೇ ಇಲ್ಲ. ನಮ್ಮಲ್ಲಿ ಒಂದು ಮನೆ ಶ್ರುತಿಯಲ್ಲಿ ಹಾಡಿದರೂ ಕಲ್ಯಾಣಿ ಕಲ್ಯಾಣಿಯೇ, ಐದು ಮನೆಗೆ ಏರಿಸಿ ಹಾಡಿದರೂ ಕಲ್ಯಾಣಿಯೇ. ಷಡ್ಜ ಯಾವ ಜಾಗದ್ದೆಂದು ಹಾಡುವವರ ಕಂಠ ತೀರ್ಮಾನಿಸುತ್ತದೆ. ಷಡ್ಜ ಕದಲಿದರೆ ಉಳಿದ ಆರೂ ಅದರ ಹಿಂದೆ ಸಂಸಾರ ಸಮೇತ ಗಂಟು ಕಟ್ಟುತ್ತವೆ. ಪಶ್ಚಿಮದ ಕಿವಿಗೆ ಸ್ವರಗಳು ಸ್ವಂತ ಮನೆಯಲ್ಲಿರುವವರು, 'ಎ' ಎಂದರೆ ಸೆಕೆಂಡಿಗೆ 440 ಕಂಪನ, ಯಾರು ನುಡಿಸಿದರೂ ಅಷ್ಟೇ. ಆ ಸ್ಥಿರ ವಿಳಾಸವನ್ನು ಯಾವ ವಾದ್ಯದ ನೆರವೂ ಇಲ್ಲದೆ ಗುರುತಿಸುವ ಶಕ್ತಿಗೆ ಪರ್ಫೆಕ್ಟ್ ಪಿಚ್ ಎನ್ನುತ್ತಾರೆ.

ಆ ಶಕ್ತಿ ಇಲ್ಲದ ನನಗೆ ಅದನ್ನು ಅರ್ಥಮಾಡಿಸಿದ್ದು ಬಣ್ಣವೇ. ಕುಂಕುಮ ಕೆಂಪು ಎಂದು ಹೇಳಲು ಪಕ್ಕದಲ್ಲಿ ಇನ್ನೊಂದು ಬಣ್ಣ ಇಟ್ಟು ಹೋಲಿಸಬೇಕಿಲ್ಲ. ನೋಡಿದ ತಕ್ಷಣ ಕೆಂಪು. ಸ್ವರದ ವಿಷಯದಲ್ಲಿ ನಮ್ಮಲ್ಲಿ ಬಹುಪಾಲು ಜನ ಹಾಗಿಲ್ಲ. ಎರಡು ಸ್ವರ ಕೊಟ್ಟರೆ ಯಾವುದು ಮೇಲು, ಎಷ್ಟು ದೂರ ಎಂದು ಹೇಳಬಲ್ಲೆವು, ಒಂದನ್ನೇ ಕೊಟ್ಟರೆ ಕೈ ಖಾಲಿ. ಪರ್ಫೆಕ್ಟ್ ಪಿಚ್ ಇರುವವರಿಗೆ ಒಂದೇ ಸ್ವರ ಸಾಕು, ಕುಂಕುಮ ಕಂಡಷ್ಟು ಸಲೀಸು. ಹಾಗಾಗಿ ಸ್ವರವೂ ಬಣ್ಣವೂ ಒಂದೇ ಮನಸ್ಸಿನಲ್ಲಿ ಜೋಡಿಯಾಗುವುದು ನನಗೆ ಈಗ ಅಸಹಜವೆನಿಸುವುದಿಲ್ಲ. ಎರಡೂ ಅಲ್ಲಿ ಒಂದೇ ಬಗೆಯಲ್ಲಿ ಗುರುತಾಗುತ್ತವೆ.

ಮೊಜಾರ್ಟನ ಕುರಿತು ಸಾಲ್ಸ್‌ಬರ್ಗಿನ ಆಸ್ಥಾನದ ಕಹಳೆವಾದಕ ಶಾಖ್ಟ್‌ನರ್ ನೆನಪಿಸಿಕೊಂಡ ಪ್ರಸಂಗವೊಂದಿದೆ. ಪುಟ್ಟ ಮೊಜಾರ್ಟನಿಗೆ ಶಾಖ್ಟ್‌ನರರ ಪಿಟೀಲೆಂದರೆ ಪ್ರಾಣ. ನಾದ ಮೆತ್ತಗಿದೆಯೆಂದು ಅದನ್ನು ಬೆಣ್ಣೆಪಿಟೀಲು ಎಂದು ಕರೆಯುತ್ತಿದ್ದ. ಒಂದು ದಿನ ತನ್ನ ಪಿಟೀಲು ನುಡಿಸುತ್ತಾ ಕೂತವನು, ಹಿಂದೆ ತಾನು ಕೇಳಿದಾಗ ಇದ್ದಂತೆಯೇ ಇದ್ದರೆ ನಿಮ್ಮ ಪಿಟೀಲಿನ ಶ್ರುತಿ ನನ್ನದಕ್ಕಿಂತ ಕಾಲುಸ್ವರದ ಅರ್ಧದಷ್ಟು ಕೆಳಗಿದೆ ಎಂದನಂತೆ. ತರಿಸಿ ನೋಡಿದರೆ ಮಾತು ನಿಜ. ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಬೆಣ್ಣೆ ಎಂಬ ಮಾತಿನ ಮೇಲೆ. ಅಷ್ಟು ಕೂದಲೆಳೆಯ ಲೆಕ್ಕ ಇಡುವ ಕಿವಿಯೇ ನಾದವನ್ನು ನಾಲಿಗೆಯಿಂದಲೂ ಸವಿಯುತ್ತಿತ್ತು.

ಎರಡು ವರಗಳೂ ಒಬ್ಬರಲ್ಲೇ ಕೂಡಿದ್ದಕ್ಕೆ ಅಮೆರಿಕದ ಏಮಿ ಬೀಚ್ ಅವರನ್ನು ನೋಡಬೇಕು. 1867ರಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ ಹುಟ್ಟಿದವರು. ವರ್ಷ ತುಂಬಿದ ಮಗುವಿಗೇ 40 ಹಾಡು ಬರುತ್ತಿದ್ದವಂತೆ. ನಾಲ್ಕನೆಯ ವಯಸ್ಸಿನಲ್ಲಿ ಪಿಯಾನೊ ಇಲ್ಲದ ಅಜ್ಜನ ಹೊಲದ ಮನೆಯಲ್ಲಿದ್ದಾಗ ತಲೆಯೊಳಗೇ ಸಂಗೀತ ಕಟ್ಟಿ, ಊರಿಗೆ ಬಂದ ಮೇಲೆ ನುಡಿಸಿ ತೋರಿಸಿದ್ದರು. ಹಾಡುಗಳನ್ನು ಮೊದಲು ನೀಲಿ, ಗುಲಾಬಿ, ನೇರಳೆ ಎಂದು ಗುರುತಿಸುತ್ತಿದ್ದ ಹುಡುಗಿಗೆ ಬರಬರುತ್ತಾ ಬಣ್ಣದ ಪೆಟ್ಟಿಗೆ ದೊಡ್ಡದಾಯಿತು: ಸಿ ಮೇಜರ್ ಬಿಳಿ, ಇ ಹಳದಿ, ಜಿ ಕೆಂಪು, ಎ ಹಸಿರು, ಎ ಫ್ಲ್ಯಾಟ್ ನೀಲಿ, ಡಿ ಫ್ಲ್ಯಾಟ್ ನೇರಳೆ, ಇ ಫ್ಲ್ಯಾಟ್ ಗುಲಾಬಿ. 1896ರಲ್ಲಿ ಅವರ 'ಗೇಲಿಕ್ ಸಿಂಫನಿ'ಯನ್ನು ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಅಮೆರಿಕದ ಮಹಿಳೆಯೊಬ್ಬರು ರಚಿಸಿದ ಮೊದಲ ಸಿಂಫನಿ ಅದು.

ನನಗೆ ಮಾತ್ರ ಆ ದೊಡ್ಡ ಕೃತಿಗಿಂತ 1921ರ ಎರಡು ಸಣ್ಣ ಪಿಯಾನೊ ರಚನೆಗಳೇ ಹೆಚ್ಚು ಆಪ್ತ. ಪೀಟರ್‌ಬರೋದ ಮ್ಯಾಕ್‌ಡೊವೆಲ್ ಕಾಲೊನಿ ಎಂಬ ಕಲಾವಿದರ ನೆಲೆಯಲ್ಲಿ ಕಾಡಿನ ನಡುವೆ ಒಂದು ಕೋಣೆ, ಹೊರಗೆ ಹರ್ಮಿಟ್ ಥ್ರಷ್ ಎಂಬ ಹಕ್ಕಿ. ಬೀಚ್ ಅದರ ಹಾಡನ್ನು ಕೇಳಿ ಕೇಳಿ ಬರೆದುಕೊಂಡರು. ಹಕ್ಕಿ ಯಾವ ಶ್ರುತಿಯಲ್ಲಿ ಹಾಡಿತೋ ಅದೇ ಶ್ರುತಿ, ಒಂದು ಸ್ಥಾಯಿ ಮಾತ್ರ ಕೆಳಗೆ. ಹಾಗೆಂದು ಸ್ವರಲಿಪಿಯಲ್ಲೇ ಟಿಪ್ಪಣಿ ಹಾಕಿದರು. ಒಂದು ಸಂಜೆಯ ಥ್ರಷ್, ಇನ್ನೊಂದು ಬೆಳಗಿನದು. ಸಂಜೆಯದರಲ್ಲಿ ಎಡಗೈ ಕತ್ತಲನ್ನು ಮೆಲ್ಲನೆ ಹಾಸುತ್ತಿರುತ್ತದೆ, ಮೇಲೆ ಇದ್ದಕ್ಕಿದ್ದಂತೆ ಹಕ್ಕಿಯ ಉಲಿ ಮಿನುಗಿ ನಿಲ್ಲುತ್ತದೆ. ಆಮೇಲೆ ಮೌನ. ಮತ್ತೆ ಉಲಿ. ಹಕ್ಕಿಯ ಶ್ರುತಿಯನ್ನು ತನ್ನ ಅನುಕೂಲಕ್ಕೆ ಜರುಗಿಸದೆ ತನ್ನ ಸಂಗೀತವನ್ನೇ ಹಕ್ಕಿಯ ಬಳಿಗೆ ಒಯ್ದ ಆ ಮರ್ಯಾದೆ ನನಗೆ ಬಹಳ ದೊಡ್ಡದೆನಿಸುತ್ತದೆ. ಪರ್ಫೆಕ್ಟ್ ಪಿಚ್ಚಿನ ಇಷ್ಟು ವಿನಯದ ಬಳಕೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈ ಶಕ್ತಿಯ ಒಂದು ಚೂರು ನಮ್ಮೊಳಗೂ ಇರಬಹುದು. ಡೇನಿಯಲ್ ಲೆವಿಟಿನ್ ಎಂಬ ಸಂಶೋಧಕ 1994ರಲ್ಲಿ 46 ವಿದ್ಯಾರ್ಥಿಗಳಿಗೆ, ನಿಮಗೆ ಚೆನ್ನಾಗಿ ಗೊತ್ತಿರುವ ಪಾಪ್ ಹಾಡೊಂದನ್ನು ನೆನಪಿನಿಂದ ಹಾಡಿ ಎಂದರು. ಹಲವರು ಮುದ್ರಿಕೆಯ ಶ್ರುತಿಗೇ ಅಥವಾ ಅದರ ತೀರ ಸಮೀಪಕ್ಕೆ ಬಂದು ನಿಂತರು. ದಿನಾ ಬೆಳಿಗ್ಗೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ಕೇಳಿ ಎದ್ದವರು ಊರು ಬಿಟ್ಟು ಎಷ್ಟು ದೂರ ಹೋದರೂ ಗುನುಗುವಾಗ ಅದೇ ಎತ್ತರಕ್ಕೆ ಹೋಗುವುದನ್ನು ನಾನೂ ಗಮನಿಸಿದ್ದೇನೆ. ಹೆಸರು ಹೇಳಲು ಬರುವುದಿಲ್ಲ, ಜಾಗ ಮಾತ್ರ ಕಂಠಕ್ಕೆ ಗೊತ್ತು. ಈ ವರಕ್ಕೆ ನೋವೂ ಉಂಟು. ರಷ್ಯದ ಮಹಾನ್ ಪಿಯಾನೊ ವಾದಕ ರಿಕ್ಟರ್ ಅವರಿಗೆ ಮುಪ್ಪಿನಲ್ಲಿ ಸ್ವರಗಳೆಲ್ಲ ಇರುವುದಕ್ಕಿಂತ ಮೇಲೆ ಕೇಳಿಸತೊಡಗಿದವು. ಬೆರಳು ಒತ್ತಿದ್ದು ಒಂದು, ಕಿವಿಗೆ ಬಿದ್ದದ್ದು ಇನ್ನೊಂದು. ಜೀವಮಾನವಿಡೀ ಕುಂಕುಮ ಕಂಡಲ್ಲಿ ಒಂದು ಬೆಳಿಗ್ಗೆ ಅರಿಶಿನ ಕಂಡರೆ ಹೇಗಾದೀತು!

ಹಾಗಾದರೆ ಬಣ್ಣ ಕಾಣುವವರೆಲ್ಲ ಒಂದೇ ಬಣ್ಣ ಕಾಣುತ್ತಾರೆಯೇ? ಇಲ್ಲ. ರಷ್ಯದ ರಿಮ್ಸ್‌ಕಿ-ಕೊರ್ಸಕೋವ್ ಮತ್ತು ಸ್ಕ್ರಿಯಾಬಿನ್ ಇಬ್ಬರೂ ಸ್ವರಕ್ಕೆ ಬಣ್ಣ ಉಂಟೆಂದು ನಂಬಿದವರು. ಸಿ ಮೇಜರ್ ಮೊದಲನೆಯವರಿಗೆ ಬಿಳಿ, ಎರಡನೆಯವರಿಗೆ ಕೆಂಪು. ಎ ಮೇಜರ್ ಒಬ್ಬರಿಗೆ ಗುಲಾಬಿ, ಮತ್ತೊಬ್ಬರಿಗೆ ಹಸಿರು. ಡಿ ಮೇಜರಿಗೆ ಬಂದಾಗ ಮಾತ್ರ ಇಬ್ಬರೂ ಕೈ ಕುಲುಕಿದರು: ಹಳದಿ, ಹೊನ್ನು. ಪ್ಯಾರಿಸ್ಸಿನ ಕೆಫೆ ಡ ಲಾ ಪೇ ಎಂಬಲ್ಲಿ ಈ ಚರ್ಚೆ ನಡೆದಾಗ ಜೊತೆಗಿದ್ದ ರಖ್ಮಾನಿನೋವ್ ಅವರಿಗೆ ಇದೆಲ್ಲ ಒಪ್ಪಿಗೆಯಾಗಲಿಲ್ಲ. ಆಗ ಅವರಿಬ್ಬರು ರಖ್ಮಾನಿನೋವ್ ಅವರದೇ 'ಜಿಪುಣ ಸರದಾರ' ಆಪೆರಾವನ್ನು ಮುಂದಿಟ್ಟರು. ಮುದುಕ ನೆಲಮಾಳಿಗೆಯಲ್ಲಿ ಪೆಟ್ಟಿಗೆ ತೆರೆದು, ದೀಪದ ಬೆಳಕಿಗೆ ಚಿನ್ನ ಥಳಥಳಿಸುವ ದೃಶ್ಯವನ್ನು ಯಾವ ಶ್ರುತಿಯಲ್ಲಿ ಬರೆದೆ? ಡಿ ಮೇಜರಿನಲ್ಲಿ. ಈ ಪ್ರಸಂಗವನ್ನು ಹೇಳಿದವರು ಸ್ವತಃ ರಖ್ಮಾನಿನೋವ್, ಅದಕ್ಕೇ ಇದರ ರುಚಿ ಹೆಚ್ಚು. ಸ್ಕ್ರಿಯಾಬಿನ್ ಮುಂದೆ 1910ರ 'ಪ್ರಮೀಥಿಯಸ್'ನಲ್ಲಿ ಬೆಳಕಿನ ಬಣ್ಣಗಳಿಗೇ ಒಂದು ಸ್ವರಲಿಪಿ ಬರೆದರು. ಅವರ ಬಣ್ಣಗಳು ಕಾಮನಬಿಲ್ಲಿನ ಕ್ರಮದಲ್ಲಿ ಷಡ್ಜ-ಪಂಚಮದ ಸರಪಳಿ ಹಿಡಿದು ಬಹಳ ಓರಣವಾಗಿ ನಿಂತಿವೆ. ಕಂಡದ್ದಕ್ಕಿಂತ ಯೋಚಿಸಿ ಜೋಡಿಸಿದ್ದು ಹೆಚ್ಚೆಂದು ನನಗನ್ನಿಸುತ್ತದೆ. ಮೆಸಿಯಾನರ ಬಂಡೆ, ಎಲೆ, ಪಟ್ಟೆ, ಚುಕ್ಕೆಗಳಲ್ಲಿ ಇರುವ ಅಸ್ತವ್ಯಸ್ತತೆ ಕಂಡವರ ಅಸ್ತವ್ಯಸ್ತತೆ.

ಮೆಸಿಯಾನರ ಕೈಹಿಡಿದು ಹೊರಟರೆ ದಾರಿ ನಮ್ಮ ಕಡೆಗೇ ತಿರುಗುತ್ತದೆ. ಅವರು ಲಾವಿನ್ಯಾಕರ ಸಂಗೀತ ವಿಶ್ವಕೋಶದಲ್ಲಿ 120 ದೇಶೀ ತಾಳಗಳ ಪಟ್ಟಿಯೊಂದನ್ನು ಕಂಡು ಬೆರಗಾದರು. ಆ ಪಟ್ಟಿ 13ನೆಯ ಶತಮಾನದ ಶಾರ್ಙ್ಗದೇವನ 'ಸಂಗೀತರತ್ನಾಕರ'ದ್ದು. ಶಾರ್ಙ್ಗದೇವ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದ ಮನೆತನದವನು, ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಹಿರಿಯ ಅಧಿಕಾರಿ. ಸೇವುಣರ ಕನ್ನಡ ಶಾಸನಗಳು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಆ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಚತುರ್ವಾದ್ಯದ ಮೊದಲ ಭಾಗದಲ್ಲಿ ಪಿಯಾನೊ ಹಿಡಿದಿರುವ ಲಯ ಶಾರ್ಙ್ಗದೇವನ ಮೂರು ತಾಳಗಳ ಜೋಡಣೆ: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಕೂಡಿದರೆ 17 ಕಾಲಮಾನ. ಅದರ ಮೇಲೆ 29 ಸ್ವರಗುಚ್ಛಗಳ ಸರ. ಲಯ ಮುಗಿದಾಗ ಸರ ಮುಗಿದಿರುವುದಿಲ್ಲ, ಸರ ಮುಗಿದಾಗ ಲಯ ಎಲ್ಲೋ ಇರುತ್ತದೆ. ಎರಡೂ ಒಟ್ಟಿಗೆ ಮೊದಲ ಹೆಜ್ಜೆಗೆ ಮರಳಬೇಕಾದರೆ 493 ಗುಚ್ಛ ಕಳೆಯಬೇಕು. ಅಷ್ಟರೊಳಗೆ ಆ ಭಾಗವೇ ಮುಗಿದುಹೋಗುತ್ತದೆ. ಈ ತಿರುಗಣೆಯ ಮೇಲೆ ಕ್ಲಾರಿನೆಟ್ ಕಪ್ಪುಹಕ್ಕಿಯಾಗಿ, ಪಿಟೀಲು ನೈಟಿಂಗೇಲ್ ಆಗಿ ಬೆಳಗಿನ ಜಾವವನ್ನು ಹಾಡುತ್ತವೆ.

ಅದೇ 'ಸಂಗೀತರತ್ನಾಕರ'ದಲ್ಲಿ ಸ್ವರಗಳಿಗೆ ಬಣ್ಣವೂ ಹೇಳಿದೆ. ಷಡ್ಜ ತಾವರೆಯ ಬಣ್ಣ. ರಿಷಭ ಪಿಂಜರ, ಕೆಂಪು ಬೆರೆತ ಹಳದಿ. ಗಾಂಧಾರ ಚಿನ್ನ. ಮಧ್ಯಮ ಕುಂದಪುಷ್ಪದ ಬಿಳಿ. ಪಂಚಮ ಕಪ್ಪು. ಧೈವತ ಹಳದಿ. ನಿಷಾದ ಕರ್ಬುರ, ಹಲವು ಬಣ್ಣ ಕಲೆತದ್ದು. ಸ್ವರಕ್ಕೆ ಋಷಿ, ದೇವತೆ, ಛಂದಸ್ಸು ಹೇಳುವ ಪರಂಪರೆಯ ಪಟ್ಟಿಯಿದು, ಒಬ್ಬನ ಕಣ್ಣು ಕಂಡ ವರದಿಯೆಂದು ಓದಬೇಕಾಗಿಲ್ಲ. ಆದರೂ ತಂಬೂರಿ ಮೀಟುತ್ತಾ ಒಮ್ಮೆ ಹಾಗೆ ಕೇಳಿದ ಮೇಲೆ ನನಗೆ ಅದರಿಂದ ಬಿಡುಗಡೆಯಾಗಿಲ್ಲ. ಪಂಚಮದ ತಂತಿ ಕಪ್ಪು ಎಂದುಕೊಂಡು ಕೇಳಿ. ಷಡ್ಜದ ಹಾಗೆ ಕದಲದೆ ನಿಲ್ಲುವ, ಏರಿಳಿತದ ಭೇದವಿಲ್ಲದ ಸ್ವರ ಅದು. ಉಳಿದವು ಮಿನುಗಲೆಂದು ಹಿಂದೆ ಹರಡಿದ ರಾತ್ರಿಯಂತಿದೆ. ಪಂಚಮ ವರ್ಜ್ಯವಾದ ಶ್ರೀರಂಜನಿಗೆ ಕೆಲವರು ಆ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರಲ್ಲ, ಆಗ ಕಪ್ಪಿದ್ದಲ್ಲಿ ಬಿಳಿ ಹೂ ಬಿರಿಯುತ್ತದೆ. ನಿಷಾದದ ಕಲಬೆರಕೆ ಬಣ್ಣವೂ ಸರಿಯೇ. ತಾರಷಡ್ಜದ ಹೊಸ್ತಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ತೊನೆಯುವ ಸ್ವರಕ್ಕೆ ಒಂದೇ ಬಣ್ಣ ಹೇಗೆ ಸಾಕಾದೀತು? ಅದೇ ಗ್ರಂಥ ಪಂಚಮವನ್ನು ಕೋಗಿಲೆಯ ದನಿ ಎನ್ನುತ್ತದೆ. ಕೋಗಿಲೆಯೂ ಕಪ್ಪು. ಬಣ್ಣವನ್ನೂ ಹಕ್ಕಿಯನ್ನೂ ಸ್ವರದೊಳಗೇ ಇಟ್ಟುಕೊಂಡಿದ್ದ ಮೆಸಿಯಾನ್ ಮತ್ತು ಬೀಚ್ ಈ ಸಾಲಿನಲ್ಲಿ ಪರಕೀಯರಾಗಿ ಕಾಣುವುದೇ ಇಲ್ಲ.

ಒಂದೇ ವ್ಯತ್ಯಾಸ, ಅದು ದೊಡ್ಡದು. ಶಾರ್ಙ್ಗದೇವನ ಕಪ್ಪು ಪಂಚಮದ ಬೆನ್ನಿಗೆ ಅಂಟಿಕೊಂಡಿದೆ, ಯಾವ ಕಂಪನಸಂಖ್ಯೆಗೂ ಅಂಟಿಕೊಂಡಿಲ್ಲ. ಗಾಯಕಿ ಐದು ಮನೆಯಲ್ಲಿ ಹಾಡಲಿ, ಗಾಯಕ ಒಂದು ಮನೆಯಲ್ಲಿ ಹಾಡಲಿ, ಷಡ್ಜದಿಂದ ಅಷ್ಟು ದೂರದಲ್ಲಿ ಕಪ್ಪು ಇದ್ದೇ ಇರುತ್ತದೆ. ಇಲ್ಲಿ ಬಣ್ಣ ಒಂದು ನಂಟು, ಅಣ್ಣ-ತಂಗಿ ಎಂಬ ಹಾಗೆ. ರಾಗವೆಂದರೆ ಸಂಸ್ಕೃತದಲ್ಲಿ ಬಣ್ಣ, ರಂಗು, ಕೆಂಪು. ವರ್ಣವೆಂದರೂ ಬಣ್ಣ, ಕಛೇರಿಯ ಆರಂಭಕ್ಕೆ ಹಾಡುವುದೂ ವರ್ಣವೇ. ದಿನಾ ಬಳಸಿ ಬಳಸಿ ಈ ಮಾತುಗಳ ಬಣ್ಣ ನಮಗೆ ಕಾಣದಾಗಿದೆ. ಮೆಸಿಯಾನರನ್ನು ಕೇಳಿ ಬಂದ ರಾತ್ರಿ ಅದು ಮತ್ತೆ ಹೊಳೆಯುತ್ತದೆ.

ನಮ್ಮಲ್ಲೂ ಸ್ಥಿರವಾದ ಶ್ರುತಿಯನ್ನು ಬಣ್ಣದಿಂದಲೇ ಕರೆಯುವ ರೂಢಿ ಒಂದಿದೆ. ಧಾರವಾಡದ ಕಡೆಯ ಹಿಂದೂಸ್ತಾನಿ ಗಾಯಕರು ಕಾಳಿ ಎರಡು ಎನ್ನುತ್ತಾರೆ, ಕರಾವಳಿಯ ಭಾಗವತರು ಕಪ್ಪು ಎರಡು, ಬಿಳಿ ನಾಲ್ಕು ಎನ್ನುತ್ತಾರೆ. ಹಾರ್ಮೋನಿಯಂ ಮನೆಗಳ ಬಣ್ಣ ಅದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರಲ್ಲಿ ಕಲಿತ ಎಷ್ಟೋ ಮಕ್ಕಳಿಗೂ ಇರಲಿಲ್ಲ. ಕಪ್ಪು, ಬಿಳಿ ಎಂಬ ಮಾತನ್ನು ಅಂಥ ಮಗು ಹಾರ್ಮೋನಿಯಂ ಮುಂದೆ ಮೊದಲ ಸಲ ಕಲಿಯುವ ಗಳಿಗೆಯನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಬಿಳಿಯೆಂದರೆ ಬೆರಳಿಗೆ ಅಗಲವಾಗಿ, ಸಮತಟ್ಟಾಗಿ ಸಿಗುವ ಮನೆ. ಕಪ್ಪೆಂದರೆ ಅವುಗಳ ನಡುವೆ ತುಸು ಹಿಂದೆ, ಕಿರಿದಾಗಿ, ಎತ್ತರಕ್ಕೆ ಎದ್ದು ನಿಂತದ್ದು. ಬೆರಳು ತಡವುತ್ತಾ ಹೋಗಿ ಅದರ ಅಂಚನ್ನು ಹತ್ತುತ್ತದೆ, ಒತ್ತುತ್ತದೆ. ಕಪ್ಪು ಕೇಳಿಸುತ್ತದೆ.